ಒಂದು ಕಾರಿನ ಜೀರ್ಣೋದ್ಧಾರ

ನಮ್ಮ ನಾಡಿನ ದಾನಶಾಸನಗಳನ್ನು ಓದಿ ಬಲ್ಲವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ನುಡಿ ಹೊಸದಲ್ಲ. ದೇವಾಲಯಕ್ಕೆ ಭೂಮಿಯನ್ನು ಬಿಟ್ಟ ದಾನಿಯು ಪೂಜೆಗೆ, ನೈವೇದ್ಯಕ್ಕೆ ಏರ್ಪಾಡು ಮಾಡುವಾಗಲೇ ಮುಂದೆಂದೋ ಬರಬಹುದಾದ ದುರಸ್ತಿಯನ್ನೂ ನೆನೆಯುತ್ತಿದ್ದನು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕುಬಿಟ್ಟದ್ದು, ಜೀರ್ಣವೆಂದರೆ ಸವೆದು ಹಳತಾದದ್ದು. ಈ ಮೂರನ್ನೂ ಬೇರೆಬೇರೆಯಾಗಿ ಎಣಿಸಿದ ಮೇಲೆ ಉದ್ಧಾರದ ಮಾತು ಬರುತ್ತದೆ. ತರಗತಿಯಲ್ಲಿ ಈ ಸಮಾಸವನ್ನು ಬಿಡಿಸಿ ಹೇಳುವಾಗಲೆಲ್ಲ ಈ ಕ್ರಮದಲ್ಲಿಯೇ ಒಂದು ವಿವೇಕವಿದೆಯೆಂದು ನನಗೆ ತೋರುತ್ತದೆ. ಏನು ಕೆಟ್ಟಿದೆಯೆಂಬುದನ್ನು ಮೊದಲು ನೋಡಬೇಕು. ಎತ್ತಿ ನಿಲ್ಲಿಸುವುದು ಆಮೇಲಿನ ಕೆಲಸ. ಈ ವಿವೇಕ ಕಲ್ಲಿನ ಗುಡಿಗೆ ಮಾತ್ರವಲ್ಲ, ಕಬ್ಬಿಣದ ಗಾಡಿಗೂ ಸಲ್ಲುತ್ತದೆ. ಜರ್ಮನಿಯಲ್ಲಿ ನಡೆದ ಒಂದು ಸಂಗತಿಯಿಂದ ಇದನ್ನು ವಾಚಕರ ಮುಂದಿಡಬಯಸುತ್ತೇನೆ.

ಪೋರ್ಷೆ ಎಂಬ ಜರ್ಮನ್ ಸಂಸ್ಥೆಯ ಹೆಸರನ್ನು ನೀವು ಕೇಳಿರಬಹುದು. ವೇಗದ ಕ್ರೀಡಾ ಕಾರುಗಳಿಗೆ ಅದು ಹೆಸರಾದುದು. ಎರಡನೆಯ ಮಹಾಯುದ್ಧದ ಅನಂತರ ಅದು ತಯಾರಿಸಿದ ‘೩೫೬’ ಎಂಬ ಕಾರು ಹಳತಾಗುತ್ತ ಬಂದಾಗ, ಅದರ ಸ್ಥಾನಕ್ಕೆ ಹೊಸದೊಂದನ್ನು ರೂಪಿಸಿ, ೧೯೬೩ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಜನರ ಮುಂದಿಟ್ಟರು. ಅದಕ್ಕೆ ಕೊಟ್ಟ ಹೆಸರು ‘೯೦೧’. ಹಿಂಬದಿಯಲ್ಲಿ ಎಂಜಿನ್ನು, ಅದರಲ್ಲಿ ಎದುರುಬದುರಾಗಿ ಮಲಗಿದ ಆರು ಸಿಲಿಂಡರುಗಳು, ತಣಿಸಲು ನೀರಲ್ಲ, ಗಾಳಿ, ಎರಡು ಲೀಟರು ಗಾತ್ರ, ೧೩೦ ಅಶ್ವಶಕ್ತಿ, ಗಂಟೆಗೆ ಸುಮಾರು ೨೧೦ ಕಿಲೋಮೀಟರ್ ವೇಗ.

೧೯೬೪ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯ ಕೆಲಸ ಆರಂಭವಾಯಿತು. ಅಷ್ಟರಲ್ಲಿ ಫ್ರಾನ್ಸಿನ ಪ್ಯೂಜೋ ಸಂಸ್ಥೆಯವರು ಆಕ್ಷೇಪವೆತ್ತಿದರು. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರು ತಮ್ಮ ದೇಶದಲ್ಲಿ ತಮಗೇ ಮೀಸಲೆಂಬುದು ಅವರ ವಾದ. ೧೯೨೯ರ ‘೨೦೧’ರಿಂದ ಮೊದಲ್ಗೊಂಡು ಅವರ ಕಾರುಗಳಿಗೆಲ್ಲ ಅಂಥ ಹೆಸರೇ ಇದ್ದಿತು. ಪೋರ್ಷೆಯವರು ಜಗಳಕ್ಕೆ ನಿಲ್ಲದೆ ಸೊನ್ನೆಯನ್ನು ತೆಗೆದು ಒಂದನ್ನು ಕೂಡಿಸಿದರು. ‘೯೦೧’ ಹೋಗಿ ‘೯೧೧’ ಬಂದಿತು. ಅಂದಿನಿಂದ ಇಂದಿನವರೆಗೂ ಆ ಹೆಸರೇ ನಡೆದುಬಂದಿದೆ. ಆದರೆ ಹೆಸರು ಬದಲಾಗುವ ಮೊದಲೇ ‘೯೦೧’ ಎಂಬ ಹೆಸರಿನಿಂದ ೮೨ ಕಾರುಗಳು ತಯಾರಾಗಿಬಿಟ್ಟಿದ್ದವು. ನಮ್ಮ ಕಥೆ ಆ ಎಂಬತ್ತೆರಡರಲ್ಲಿ ಒಂದರದು.

ಐವತ್ತು ವರ್ಷ ಕಳೆಯಿತು. ೨೦೧೪ರಲ್ಲಿ ದೂರದರ್ಶನ ಕಾರ್ಯಕ್ರಮದವರ ಒಂದು ತಂಡವು ಬ್ರಾಂಡೆನ್‌ಬುರ್ಗ್ ಪ್ರಾಂತದ ಒಂದು ಹಳೆಯ ಕೊಟ್ಟಿಗೆಯಲ್ಲಿ ಸಾಮಾನುಗಳನ್ನು ನೋಡುತ್ತಿದ್ದಾಗ ಎರಡು ಹಳೆಯ ಪೋರ್ಷೆಗಳು ಕಣ್ಣಿಗೆ ಬಿದ್ದವು. ಒಂದಕ್ಕೆ ಹೊಂಬಣ್ಣ, ಇನ್ನೊಂದಕ್ಕೆ ಕೆಂಪು. ಎರಡಕ್ಕೂ ತುಕ್ಕು. ಕೆಂಪು ಕಾರಿಗೆ ಮುಂದಿನ ಮಡ್‌ಗಾರ್ಡುಗಳೇ ಇರಲಿಲ್ಲ. ಮುಂದೊಂದು ದಿನ ಸರಿಪಡಿಸಬಹುದೆಂದು ತಂದಿಟ್ಟು, ಆ ಮುಂದೊಂದು ದಿನ ಬಾರದೆ ಹೋದ ವಸ್ತುಗಳು ನಮ್ಮ ಮನೆಯ ಅಟ್ಟಗಳಲ್ಲಿಯೂ ಉಂಟಲ್ಲವೆ?

ಸುದ್ದಿ ಸ್ಟುಟ್‌ಗಾರ್ಟಿನ ಪೋರ್ಷೆ ವಸ್ತುಸಂಗ್ರಹಾಲಯವನ್ನು ಮುಟ್ಟಿತು. ಅಲ್ಲಿಯವರು ತುಕ್ಕನ್ನೂ ನೋಡಲಿಲ್ಲ, ಬಣ್ಣವನ್ನೂ ನೋಡಲಿಲ್ಲ. ಚಾಸಿಯ ಸಂಖ್ಯೆಯನ್ನು ಕೇಳಿದರು. ಅದನ್ನು ತಮ್ಮ ದಫ್ತರದಲ್ಲಿದ್ದ ದಾಖಲೆಯೊಡನೆ ಹೋಲಿಸಿದರು. ಹೊಂಬಣ್ಣದ್ದು ೧೯೬೮ರ ೯೧೧. ಕೆಂಪು ಕಾರಿನ ಸಂಖ್ಯೆ ೩೦೦೦೫೭. ಎಂದರೆ ೧೯೬೪ರಲ್ಲಿ, ಹೆಸರು ಬದಲಾಗುವ ಮುನ್ನ ತಯಾರಾದ ಐವತ್ತೇಳನೆಯ ಗಾಡಿ. ಅಂಥ ಗಾಡಿ ಆ ಸಂಗ್ರಹಾಲಯದಲ್ಲಿಯೇ ಇರಲಿಲ್ಲ! ಮಾಡಿದವರ ಮನೆಯಲ್ಲಿ ಇಲ್ಲದ ವಸ್ತು ಯಾರದೋ ಕೊಟ್ಟಿಗೆಯಲ್ಲಿ ಉಳಿದಿತ್ತು.

ತಾಳೆಗರಿಯ ಕಟ್ಟಿನೊಡನೆ ಸ್ವಲ್ಪ ಕಾಲ ಕಳೆದವರಿಗೆ ಈ ಪರೀಕ್ಷೆಯ ಕ್ರಮ ಪರಿಚಿತವೇ. ಲಿಪಿಕಾರನು ಕೊನೆಯಲ್ಲಿ ಬರೆದ ಸಂವತ್ಸರ, ಮಾಸ, ತಿಥಿಗಳನ್ನು ನಾವು ನೋಡುತ್ತೇವೆ. ಆದರೆ ಅದನ್ನೊಂದನ್ನೇ ನಂಬುವುದಿಲ್ಲ. ಹಿಂದಿನ ಪ್ರತಿಯ ಕೊನೆಯ ಸಾಲುಗಳನ್ನು ಹಾಗೆಯೇ ನಕಲು ಮಾಡಿರುವವರುಂಟು. ಆದುದರಿಂದ ಅಕ್ಷರದ ರೂಪ, ಗರಿಯ ಸ್ಥಿತಿ, ಭಾಷೆ ಎಲ್ಲವೂ ಒಂದೇ ಸಾಕ್ಷ್ಯವನ್ನು ನುಡಿಯುತ್ತವೆಯೆ ಎಂದು ನೋಡಬೇಕು. ಕಾರಿನಲ್ಲಿಯೂ ಹೀಗೆಯೇ. ಚಾಸಿಯ ಸಂಖ್ಯೆಯನ್ನು ಒಂದು ಗಾಡಿಯಿಂದ ಕತ್ತರಿಸಿ ಇನ್ನೊಂದಕ್ಕೆ ಬೆಸೆಯಬಹುದು. ತಗಡಿನ ಫಲಕವನ್ನು ಹೊಸದಾಗಿ ಕೆತ್ತಿಸಬಹುದು. ಆದುದರಿಂದ ಎಂಜಿನ್ನಿನ ಸಂಖ್ಯೆ, ಗೇರುಪೆಟ್ಟಿಗೆಯ ಸಂಖ್ಯೆ, ಕಾರ್ಖಾನೆಯ ದಾಖಲೆಯಲ್ಲಿ ಬರೆದ ಬಣ್ಣ, ಮೊದಲ ವರ್ಷದ ಗಾಡಿಗಳಲ್ಲಿ ಮಾತ್ರ ಕಾಣುವ ಸಣ್ಣಪುಟ್ಟ ಭಾಗಗಳು, ಕೈಬದಲಾದಾಗಿನ ಕಾಗದಪತ್ರಗಳು, ಇವೆಲ್ಲವೂ ಒಂದಕ್ಕೊಂದು ಹೊಂದಬೇಕು. ಸಾಕ್ಷಿಗಳಲ್ಲಿ ಒಬ್ಬನು ಸುಳ್ಳಾಡಬಹುದು. ಒಬ್ಬರನ್ನೊಬ್ಬರು ಅರಿಯದ ಐವರು ಒಂದೇ ಸುಳ್ಳನ್ನು ಹೇಳುವುದು ಕಷ್ಟ.

ಪರೀಕ್ಷೆಯ ಫಲವೇನೆಂಬುದನ್ನು ಬೆಲೆಯಿಂದಲೇ ತಿಳಿಯಬಹುದು. ಹೊರಗಿನ ತಜ್ಞರು ಕಟ್ಟಿದ ಬೆಲೆ ಹೊಂಬಣ್ಣದ ಕಾರಿಗೆ ೧೪,೫೦೦ ಯೂರೋ. ಕೆಂಪು ಕಾರಿಗೆ ೧,೦೭,೦೦೦ ಯೂರೋ. ಒಂದೇ ಸೂರಿನ ಕೆಳಗೆ ತುಕ್ಕು ಹಿಡಿದ ಎರಡು ಗಾಡಿಗಳು. ಒಂದಕ್ಕೆ ಏಳು ಪಾಲಿಗೂ ಹೆಚ್ಚಿನ ಬೆಲೆ! ಲೋಹ ಎರಡರಲ್ಲಿಯೂ ಒಂದೇ ಬಗೆಯದು. ಈ ಭೇದವನ್ನು ತಂದುದು ಚರಿತ್ರೆ.

ಸಂಗ್ರಹಾಲಯವು ಎರಡನ್ನೂ ಕೊಂಡಿತು. ಇನ್ನು ಮುಂದೆ ಮಾಡುವುದೇನು? ದೀರ್ಘಕಾಲ ನಿಂತ ಗಾಡಿ ಓಡಿದ ಗಾಡಿಗಿಂತ ಹೆಚ್ಚು ಕೆಡುತ್ತದೆಂಬುದನ್ನು ಎಲ್ಲರೂ ಬಲ್ಲರೆನ್ನಲಾಗದು. ಪೆಟ್ರೋಲು ಹಳಸಿ ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನಿಂದಲೇ ತುಕ್ಕೆಬ್ಬಿಸುತ್ತದೆ. ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ಪಿಸ್ಟನ್ನಿನ ಬಳೆಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತವೆ. ಇಲಿಗಳು ಆಸನದೊಳಗೆ ಸಂಸಾರ ಹೂಡುತ್ತವೆ. ಇಂಥ ಎಂಜಿನ್ನನ್ನು ಉತ್ಸಾಹದಿಂದ ಕೂಡಲೇ ಚಾಲೂ ಮಾಡಲು ಹೊರಟವನು, ಐವತ್ತು ವರ್ಷಗಳ ಕಾಲವೂ ಮಾಡದ ಹಾನಿಯನ್ನು ಐದು ನಿಮಿಷದಲ್ಲಿ ಮಾಡಬಲ್ಲನು. ಬಲ್ಲವರು ಮೊದಲು ಸಿಲಿಂಡರುಗಳಿಗೆ ಎಣ್ಣೆ ಹನಿಸಿ, ಕೆಲವು ದಿನ ಬಿಟ್ಟು, ಕೈಯಿಂದ ಮೆಲ್ಲಗೆ ತಿರುಗಿಸಿ ನೋಡುತ್ತಾರೆ.

ಇದು ಯಂತ್ರದ ಮಾತಾಯಿತು. ಇದಕ್ಕಿಂತ ಕಠಿಣವಾದ ಪ್ರಶ್ನೆ ಬೇರೊಂದಿದೆ: ಸರಿಪಡಿಸಲೇಬೇಕೆ? ಬೇಡವೆಂಬ ಉತ್ತರಕ್ಕೂ ದೃಷ್ಟಾಂತವುಂಟು. ಸ್ವಿಟ್ಜರ್ಲೆಂಡಿನ ಅಸ್ಕೋನಾ ಊರಿನ ಬಳಿ, ಮಜ್ಜೋರೆ ಸರೋವರದಲ್ಲಿ ೧೯೨೫ರ ಒಂದು ಬುಗಾಟಿ ಕಾರು ಹಲವು ದಶಕ ಮುಳುಗಿದ್ದಿತು. ಮುಳುಗುಗಾರನೊಬ್ಬನು ಅದನ್ನು ೧೯೬೭ರಲ್ಲಿ ಕಂಡನು. ೨೦೦೯ರ ಜುಲೈಯಲ್ಲಿ ಅದನ್ನು ಮೇಲೆತ್ತಿದರು. ೨೦೧೦ರ ಜನವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದಕ್ಕೆ ೨,೬೦,೫೦೦ ಯೂರೋ ಬಂದಿತು. ಕೊಂಡ ಅಮೆರಿಕದ ಸಂಗ್ರಾಹಕನು ಅದನ್ನು ದುರಸ್ತಿ ಮಾಡಿಸದೆ, ನೀರು ತಿಂದ ರೂಪದಲ್ಲಿಯೇ ಪ್ರದರ್ಶನಕ್ಕಿರಿಸಿದನು. ಆ ಕಾರಿನ ಚರಿತ್ರೆಯೆಂದರೆ ಮುಳುಗಿದ್ದುದೇ. ತುಕ್ಕನ್ನು ಉಜ್ಜಿದರೆ ಚರಿತ್ರೆಯನ್ನೇ ಉಜ್ಜಿದಂತೆ.

ಐವತ್ತೇಳನೆಯ ಗಾಡಿಯ ಮಾತು ಬೇರೆ. ಅದರ ಮಹತ್ತ್ವವಿರುವುದು ಕೊಟ್ಟಿಗೆಯಲ್ಲಿ ಬಿದ್ದಿದ್ದುದರಲ್ಲಲ್ಲ, ಒಂದು ವಂಶದ ಮೊದಲ ತಲೆಮಾರಿನದಾಗಿರುವುದರಲ್ಲಿ. ಆದುದರಿಂದ ಅದನ್ನು ಮತ್ತೆ ಓಡಿಸಲು ನಿಶ್ಚಯಿಸಿದರು. ಆದರೆ ಒಂದು ನಿಯಮವನ್ನು ಹಾಕಿಕೊಂಡರು: ಸಾಧ್ಯವಿರುವಲ್ಲೆಲ್ಲ ಮೂಲದ ಭಾಗವನ್ನೇ ಉಳಿಸಿ ಸರಿಪಡಿಸಬೇಕು, ಬದಲಾಯಿಸುವುದು ಕೊನೆಯ ಉಪಾಯ. ರಾಸಾಯನಿಕದ ತೊಟ್ಟಿಯಲ್ಲಿ ಅದ್ದಿ ಹಳೆಯ ಬಣ್ಣವನ್ನೂ ತುಕ್ಕನ್ನೂ ಬಿಡಿಸಿದರು. ತುಂಬ ತೂತಾದ ಕಡೆಗೆ ಅದೇ ಕಾಲದ ಬೇರೊಂದು ಕಾರಿನ ತಗಡನ್ನು ಕೂಡಿಸಿದರು. ಮೈಕಟ್ಟಿನ ಕೆಲಸಕ್ಕೇ ಒಂದು ವರ್ಷ ಹಿಡಿಯಿತು. ಎಂಜಿನ್ನು, ಗೇರುಪೆಟ್ಟಿಗೆ, ವಿದ್ಯುತ್ ತಂತಿಗಳು, ಒಳಗಿನ ಆಸನ ಎಲ್ಲವೂ ಮುಗಿಯುವಾಗ ಮೂರು ವರ್ಷವಾಗಿದ್ದಿತು. ೨೦೧೭ರ ಡಿಸೆಂಬರಿನಲ್ಲಿ ಆ ಕೆಂಪು ಕಾರು ಸಂಗ್ರಹಾಲಯದಲ್ಲಿ ಜನರ ದರ್ಶನಕ್ಕೆ ಬಂದಿತು.

ಇಲ್ಲಿ ವಾಚಕರಲ್ಲಿ ಯಾರಾದರೂ ಕೇಳಬಹುದು: ‘ಸ್ವಾಮಿ, ತಗಡು ಬೇರೆಯದು, ಬಣ್ಣ ಹೊಸದು, ಇನ್ನು ಅದೇ ಕಾರೆಂದು ಹೇಗೆ ಹೇಳುತ್ತೀರಿ?’ ಪ್ರಶ್ನೆ ಹಳೆಯದು. ರಥವೇರಿ ಬಂದ ಮಿಲಿಂದ ರಾಜನನ್ನು ಬೌದ್ಧಭಿಕ್ಷು ನಾಗಸೇನನು ಇಂಥದನ್ನೇ ಕೇಳಿದನಲ್ಲವೆ? ಚಕ್ರ ರಥವೆ, ಅಚ್ಚು ರಥವೆ, ಮೂಕಿ ರಥವೆ ಎಂದು. ಯಾವುದೊಂದೂ ಅಲ್ಲ, ಎಲ್ಲ ಕೂಡಿದಲ್ಲಿ ರಥವೆಂಬ ಹೆಸರು. ನನಗೆ ತೋರುವುದಿಷ್ಟೆ: ಯಾವುದು ಉಳಿಯಿತು, ಯಾವುದು ಬದಲಾಯಿತು ಎಂಬುದನ್ನು ಬಚ್ಚಿಡದೆ ಬರೆದಿಟ್ಟಿರುವವರೆಗೆ ಆ ಹೆಸರಿಗೆ ಬಾಧೆಯಿಲ್ಲ. ಗ್ರಂಥಸಂಪಾದಕನು ಗರಿ ಮುರಿದೆಡೆಯಲ್ಲಿ ತಾನು ಊಹಿಸಿ ತುಂಬಿದ ಅಕ್ಷರವನ್ನು ಕಂಸದೊಳಗೆ ಇಡುತ್ತಾನೆ. ಕಂಸವಿದ್ದರೆ ಅದು ಪಾಂಡಿತ್ಯ. ಕಂಸವನ್ನು ತೆಗೆದರೆ ಅದೇ ಅಕ್ಷರ ಮೋಸ.

ಹೀಗಿರುವಾಗ, ನಿಮ್ಮ ಮನೆಯ ಹಿತ್ತಿಲಲ್ಲೋ ಬಂಧುಗಳ ಕೊಟ್ಟಿಗೆಯಲ್ಲೋ ಹಳೆಯ ಕಾರೋ ಮೋಟಾರು ಸೈಕಲ್ಲೋ ಇದ್ದರೆ, ಅದನ್ನು ತೊಳೆಯುವ ಮೊದಲು ಒಂದು ಕಾಗದವನ್ನು ತೆಗೆದುಕೊಳ್ಳಿರಿ. ಕಾಣುವ ಸಂಖ್ಯೆಗಳನ್ನೆಲ್ಲ ಬರೆದುಕೊಳ್ಳಿರಿ. ಇದ್ದುದನ್ನು ಇದ್ದಂತೆ ಚಿತ್ರ ತೆಗೆಯಿರಿ. ಹಳೆಯ ನೋಂದಣಿ ಪುಸ್ತಕವನ್ನು, ತೆರಿಗೆಯ ರಸೀದಿಯನ್ನು ಹುಡುಕಿರಿ. ಅದನ್ನು ಓಡಿಸಿದ ಹಿರಿಯರು ಬದುಕಿದ್ದರೆ ಹತ್ತಿರ ಕುಳಿತು ಕೇಳಿರಿ. ನಮ್ಮ ಎಷ್ಟೋ ಗುಡಿಗಳಲ್ಲಿ ಭಕ್ತಿಯಿಂದ ಬಳಿದ ಸುಣ್ಣದ ಕೆಳಗೆ ಶಾಸನದ ಅಕ್ಷರಗಳು ಅಡಗಿಹೋಗಿವೆ. ಬಳಿದವರದು ಕೆಟ್ಟ ಮನಸ್ಸಲ್ಲ. ನೋಡುವ ಮೊದಲೇ ಬಳಿದರು, ಅಷ್ಟೆ. ಸುಣ್ಣವನ್ನು ಯಾವಾಗ ಬೇಕಾದರೂ ಬಳಿಯಬಹುದು; ಅಳಿಸಿದ ಅಕ್ಷರವನ್ನು ಮತ್ತೆ ತರಲಾಗದು. ಉದ್ಧಾರದ ಮಾತನ್ನು ಸಮಾಸದ ಕೊನೆಯಲ್ಲಿಟ್ಟ ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು.