ಬಳಸಿದ ಉಡುಪುಗಳ ವಿಂಗಡಣೆ, ದಾನ ಮತ್ತು ಮರುಬಳಕೆ: ಪಶ್ಚಿಮ ಬೆಂಗಳೂರಿನ ನಾಗರಿಕರಿಗೆ ಮಾಹಿತಿ

ಪೀಠಿಕೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಭಾಗಗಳಲ್ಲಿ ಯುಗಾದಿ, ಗೌರಿ-ಗಣೇಶ ಮತ್ತು ದೀಪಾವಳಿ ಹಬ್ಬಗಳಲ್ಲದೆ ಆಷಾಢ ಮಾಸದ ರಿಯಾಯಿತಿ ಮಾರಾಟದ ಸಂದರ್ಭದಲ್ಲಿಯೂ ಹೊಸ ಬಟ್ಟೆಗಳ ಖರೀದಿ ನಡೆಯುತ್ತದೆ. ಅದರೊಂದಿಗೆ ಉಡದೆ ಬೀರುವಿನಲ್ಲಿಯೇ ಉಳಿಯುವ ಬಟ್ಟೆಗಳೂ ಹೆಚ್ಚುತ್ತವೆ. ಇವುಗಳನ್ನು ಒಟ್ಟಾಗಿ ಮೂಟೆ ಕಟ್ಟಿ ಕಳುಹಿಸಿದ ಮಾತ್ರಕ್ಕೆ ಅದು ದಾನವೆನಿಸುವುದಿಲ್ಲ. ಪಡೆದವರು ಧರಿಸಲಾಗದ ಬಟ್ಟೆಯು ಒಂದು ಮನೆಯ ಕಸವನ್ನು ಮತ್ತೊಂದು ಮನೆಯ ಬಾಗಿಲಿಗೆ ಸಾಗಿಸಿದಂತಾಗುತ್ತದೆ. ಆದ್ದರಿಂದ ವಿಂಗಡಣೆಯು ಕೊಡುವವರ ಮನೆಯಲ್ಲಿಯೇ ಆಗುವುದು ಅವಶ್ಯಕ.

ಹಿಂದಿನ ಅನುಭವ

2004ರ ಡಿಸೆಂಬರ್ 26ರಂದು ಸಂಭವಿಸಿದ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದ ನಾನಾ ಭಾಗಗಳಿಂದ ಹಳೆಯ ಬಟ್ಟೆಗಳು ಹರಿದುಬಂದವು. ಸ್ಥಳೀಯರ ಉಡುಗೆಗೆ ಹೊಂದದ, ಹರಿದ ಹಾಗೂ ಕೊಳೆಯಾದ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿಯಾಗಿ ಉಳಿದವು. 1999ರಲ್ಲಿ ಅಂಶು ಗುಪ್ತಾ ಅವರು ಸ್ಥಾಪಿಸಿದ ಗೂಂಜ್ ಸಂಸ್ಥೆಯು ಇವುಗಳಲ್ಲಿ ಬಹುಭಾಗವನ್ನು ಪಡೆದು ವಿಂಗಡಿಸುವ ಕಾರ್ಯ ಕೈಗೊಂಡಿತು. ಉಡಲು ಬಾರದ ಹತ್ತಿ ಬಟ್ಟೆಯನ್ನು ಶುಚಿಗೊಳಿಸಿ ಮಹಿಳೆಯರ ಮುಟ್ಟಿನ ಬಟ್ಟೆಯಾಗಿ ಸಿದ್ಧಪಡಿಸುವ ಕಾರ್ಯವನ್ನೂ ಈ ಸಂಸ್ಥೆ ನಡೆಸುತ್ತಿದೆ. ಗ್ರಾಮಸ್ಥರು ಬಾವಿ, ರಸ್ತೆ ಮುಂತಾದ ಊರಿನ ಕೆಲಸಗಳನ್ನು ತಾವೇ ಮಾಡಿಕೊಂಡು, ಅದಕ್ಕೆ ಪ್ರತಿಯಾಗಿ ಬಟ್ಟೆ ಪಡೆಯುವ ಪದ್ಧತಿಯನ್ನು ಇದು ರೂಢಿಗೆ ತಂದಿತು. ಪಡೆಯುವವರ ಗೌರವಕ್ಕೆ ಚ್ಯುತಿ ಬಾರದಿರಲಿ ಎಂಬುದು ಇದರ ಉದ್ದೇಶ.

ವಿಂಗಡಿಸದೆ ಎಸೆದರೆ ಆಗುವ ಹಾನಿ

ಪಶ್ಚಿಮ ಬೆಂಗಳೂರಿನ ಬಹುಪಾಲು ರಾಜಕಾಲುವೆಗಳು ವೃಷಭಾವತಿ ನದಿಯನ್ನು ಸೇರುತ್ತವೆ. ಈ ನದಿಯು ನಾಯಂಡಹಳ್ಳಿ, ಕೆಂಗೇರಿ ಮಾರ್ಗವಾಗಿ ಬೈರಮಂಗಲ ಜಲಾಶಯಕ್ಕೆ ಹರಿಯುತ್ತದೆ. ಕಾಲುವೆಗೆ ಎಸೆದ ಬಟ್ಟೆಯು ನೀರು ಹೀರಿ ಭಾರವಾಗಿ ಮೋರಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಲು ಇದೂ ಒಂದು ಕಾರಣವಾಗುತ್ತದೆ. ಪಾಲಿಯೆಸ್ಟರ್ ಬಟ್ಟೆಯು ಹತ್ತಿಯಂತೆ ಕೊಳೆಯುವುದಿಲ್ಲ.

ಹಸಿಕಸದೊಂದಿಗೆ ಬೆರೆತ ಬಟ್ಟೆ ಮರುಬಳಕೆಗೆ ಬಾರದು. ಅದನ್ನು ಪೌರಕಾರ್ಮಿಕರು ಹಾಗೂ ಚಿಂದಿ ಆಯುವವರು ಕೈಯಿಂದಲೇ ಬೇರ್ಪಡಿಸಬೇಕಾಗುತ್ತದೆ. 2012ರಲ್ಲಿ ಮಾವಳ್ಳಿಪುರದ ತ್ಯಾಜ್ಯ ವಿಲೇವಾರಿ ಸ್ಥಗಿತಗೊಂಡ ನಂತರ, ಅದೇ ವರ್ಷ ನಗರದಲ್ಲಿ ಕಸವನ್ನು ಮನೆಯಲ್ಲಿಯೇ ವಿಂಗಡಿಸುವುದನ್ನು ಕಡ್ಡಾಯಗೊಳಿಸಲಾಯಿತು.

ಬೀರುವಿನ ವಿಂಗಡಣೆ: ನಾಲ್ಕು ಗುಂಪುಗಳು

1. ಇಟ್ಟುಕೊಳ್ಳುವಂಥವು: ಕಳೆದ ಒಂದು ವರ್ಷದಲ್ಲಿ ಉಟ್ಟಿರುವ ಬಟ್ಟೆಗಳು. ಮದುವೆ ಸೀರೆ, ಉಣ್ಣೆಯ ಉಡುಪು ಮುಂತಾದವುಗಳಿಗೆ ಈ ಅವಧಿ ಅನ್ವಯಿಸುವುದಿಲ್ಲ.

2. ದುರಸ್ತಿಗೆ ಅರ್ಹವಾದವು: ಗುಂಡಿ, ಜಿಪ್, ಫಾಲ್ ಅಥವಾ ಹೊಲಿಗೆ ಬಿಟ್ಟಿರುವವು. ಬಡಾವಣೆಯ ದರ್ಜಿಗಳಲ್ಲಿ ಸರಿಪಡಿಸಿಕೊಳ್ಳಬಹುದು.

3. ದಾನಕ್ಕೆ ಅರ್ಹವಾದವು: ಹರಿಯದ, ಕಲೆಯಿಲ್ಲದ, ಒಗೆದು ಪೂರ್ಣವಾಗಿ ಒಣಗಿಸಿದ ಬಟ್ಟೆಗಳು. ಪರಿಚಿತರಿಗೆ ಕೈಯಲ್ಲಿ ಕೊಡಲು ಸಂಕೋಚವೆನಿಸುವ ಬಟ್ಟೆಯನ್ನು ಈ ಗುಂಪಿಗೆ ಸೇರಿಸಬಾರದು.

4. ಉಡಲು ಬಾರದವು: ಹರಿದ ಹತ್ತಿ ಬಟ್ಟೆಯನ್ನು ಒರೆಸುವ ಬಟ್ಟೆಯಾಗಿ ಬಳಸಬಹುದು. ಮೆತುವಾದ ಹಳೆಯ ಸೀರೆ, ಪಂಚೆಗಳಿಂದ ಕೌದಿ ಹೊಲಿಸಬಹುದು. ಉತ್ತರ ಕರ್ನಾಟಕದಲ್ಲಿ ಈ ರೂಢಿ ವ್ಯಾಪಕವಾಗಿದೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಇಂತಹ ಹೊದಿಕೆಗೆ ಕವಂದಿ ಎಂದು ಹೆಸರು. ಉಳಿದದ್ದನ್ನು ಒಣ ಚೀಲದಲ್ಲಿ ಕಟ್ಟಿ ಒಣಕಸದೊಂದಿಗೆ ಪ್ರತ್ಯೇಕವಾಗಿ ನೀಡತಕ್ಕದ್ದು.

ದಾನ ಮಾಡುವವರ ಗಮನಕ್ಕೆ

- ಅನಾಥಾಲಯ, ವೃದ್ಧಾಶ್ರಮ ಅಥವಾ ಸ್ವಯಂಸೇವಾ ಸಂಸ್ಥೆಗೆ ಒಯ್ಯುವ ಮುನ್ನ ಯಾವ ಅಳತೆಯ, ಯಾವ ಬಗೆಯ ಬಟ್ಟೆ ಬೇಕೆಂದು ವಿಚಾರಿಸಬೇಕು.
- ಮಕ್ಕಳು, ಮಹಿಳೆಯರು ಮತ್ತು ಪುರುಷರ ಬಟ್ಟೆಗಳನ್ನು ಬೇರೆ ಬೇರೆ ಕಟ್ಟಿ ಮೇಲೆ ಚೀಟಿ ಅಂಟಿಸಬೇಕು. ಸೀರೆಯೊಂದಿಗೆ ರವಿಕೆ ಇರಲಿ.
- ಬಳಸಿದ ಒಳ ಉಡುಪುಗಳನ್ನು ಕೊಡಬಾರದು.
- ಜೇಬುಗಳನ್ನು ಪರಿಶೀಲಿಸಬೇಕು.
- ಮನೆಗೆಲಸದವರಿಗೆ ಕೊಡುವಾಗ ಬೇಕೇ ಎಂದು ಮೊದಲು ಕೇಳಬೇಕು. ಬೇಡವೆನ್ನುವ ಹಕ್ಕು ಅವರಿಗಿದೆ. ಹಳೆಯ ಬಟ್ಟೆಯು ಸಂಬಳದ ಅಥವಾ ಹಬ್ಬದ ಉಡುಗೊರೆಯ ಬದಲಿಯಾಗಬಾರದು.

ವಿನಿಮಯ ಮತ್ತು ಮಾರಾಟ

ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಿಗಳು ಬಟ್ಟೆಗೆ ಮತ್ತೊಂದು ಆಯುಷ್ಯ ನೀಡುವ ಸರಪಣಿಯ ಮೊದಲ ಕೊಂಡಿ. ಅವರು ಪಡೆದ ಬಟ್ಟೆ ದುರಸ್ತಿಯಾಗಿ ಸಂತೆ, ಬೀದಿಬದಿಯ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಉಣ್ಣೆಯ ಚಿಂದಿಯನ್ನು ಮತ್ತೆ ನೂಲಾಗಿಸಿ ಕಂಬಳಿ ನೇಯುವ ಉದ್ಯಮಕ್ಕೆ ಹರಿಯಾಣದ ಪಾಣಿಪತ್ ಹೆಸರಾಗಿದೆ. ಹಳೆಯ ರೇಷ್ಮೆ ಸೀರೆಗಳ ಜರಿಯಲ್ಲಿ ಬೆಳ್ಳಿ ಇರುವ ಸಾಧ್ಯತೆ ಉಂಟು. ಅಂತಹ ಸೀರೆಗಳನ್ನು ಮನೆಬಾಗಿಲಿನಲ್ಲಿ ಅವಸರದಿಂದ ಮಾರದೆ, ಜರಿಯನ್ನು ಪರೀಕ್ಷಿಸಿ ಒಂದೆರಡು ಕಡೆ ಬೆಲೆ ವಿಚಾರಿಸುವುದು ಲೇಸು.

ಬಳಸಿದ ಬಟ್ಟೆ ಕೊಳ್ಳುವವರಿಗೆ ಸೂಚನೆಗಳು

ಒಂದು ಹತ್ತಿ ಟೀ ಶರ್ಟ್ ತಯಾರಿಕೆಗೆ ಹತ್ತಿ ಬೆಳೆಯುವುದೂ ಸೇರಿ ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಆದ್ದರಿಂದ ಬಳಸಿದ ಬಟ್ಟೆ ಕೊಳ್ಳುವುದರಲ್ಲಿ ಕೀಳರಿಮೆಗೆ ಅವಕಾಶವಿಲ್ಲ.

- ಕಂಕುಳು, ಕಾಲರ್ ಮತ್ತು ತೊಡೆಸಂದಿಯ ಹೊಲಿಗೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು.
- ಮುಗ್ಗಲು ವಾಸನೆಯ ಬಟ್ಟೆಯನ್ನು ಕೊಳ್ಳಬಾರದು.
- ತಂದ ಬಟ್ಟೆಯನ್ನು ಬೇರೆಯಾಗಿ, ಬಟ್ಟೆ ತಡೆಯುವಷ್ಟು ಬಿಸಿ ನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು.
- ಬಿಸಿ ನೀರು ತಡೆಯದ ಬಟ್ಟೆಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇರಿಸಬೇಕು. ಕಜ್ಜಿಯ ಹುಳುಗಳು ಮಾನವ ದೇಹದಿಂದ ಹೊರಗೆ ಸಾಮಾನ್ಯವಾಗಿ ಎರಡು-ಮೂರು ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ.

ಮನವಿ

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ನಾಗರಿಕರು ತಮ್ಮ ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರದಲ್ಲಿ ಬಟ್ಟೆ ಸ್ವೀಕರಿಸುವ ಬಗ್ಗೆ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಸೂಕ್ತ. ಹೊಸ ಬಟ್ಟೆ ಕೊಳ್ಳುವ ಮುನ್ನ ಬೀರುವಿನಲ್ಲಿ ಇರುವುದನ್ನು ಒಮ್ಮೆ ನೋಡಿಕೊಳ್ಳುವಂತೆಯೂ, ಕೊಡುವ ಬಟ್ಟೆಯನ್ನು ಒಗೆದು, ಮಡಿಚಿ ಕೊಡುವಂತೆಯೂ ಸಾರ್ವಜನಿಕರಲ್ಲಿ ಕೋರಲಾಗಿದೆ.