ಎಳೆ ಎಣಿಸಿದವರು

ಮಸ್ಕತ್ತಿನ ಸುಲ್ತಾನ್ ಖಾಬೂಸ್ ಗ್ರ್ಯಾಂಡ್ ಮಸೀದಿ 2001ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಅದರ ಮುಖ್ಯ ಪ್ರಾರ್ಥನಾ ಮಂದಿರದ ನೆಲಕ್ಕೆ ಹಾಸಿರುವುದು ಒಂದೇ ಒಂದು ರತ್ನಗಂಬಳಿ. ವಿಸ್ತೀರ್ಣ 4,343 ಚದರ ಮೀಟರ್, ತೂಕ 21 ಟನ್, ಬಣ್ಣಗಳು 28, ಗಂಟುಗಳು 170 ಕೋಟಿ. ಇರಾನಿನ ಖೊರಾಸಾನ್ ಪ್ರಾಂತದ ಸುಮಾರು 600 ಹೆಂಗಸರು ಕೈಯಲ್ಲೇ ನೇಯ್ದದ್ದು. ಕೆಲಸ ಮುಗಿಯಲು ನಾಲ್ಕು ವರ್ಷ ಬೇಕಾಯಿತು.

ಊರಿನಿಂದ ನೆಂಟರು ಬಂದರೆ ಅವರನ್ನು ಈ ಮಸೀದಿಗೆ ಕರೆದೊಯ್ಯುವುದು ಇಲ್ಲಿನ ಕನ್ನಡಿಗರ ವಾಡಿಕೆ. ಬಂದವರು ತಲೆಯೆತ್ತಿ ತೂಗುದೀಪದ ಫೋಟೋ ತೆಗೆಯುತ್ತಾರೆ. ನಾನು ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ನನ್ನ ತಲೆ ನೆಲ ನೋಡಿಕೊಂಡು ಭಾಗಾಕಾರ ಮಾಡುತ್ತದೆ: ಒಂದು ಚದರ ಸೆಂಟಿಮೀಟರಿಗೆ 39 ಗಂಟು, ಒಬ್ಬೊಬ್ಬ ಹೆಂಗಸಿನ ಪಾಲಿಗೆ 28 ಲಕ್ಷಕ್ಕೂ ಹೆಚ್ಚು. ಲೆಕ್ಕ ಸರಿಹೋದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ. ಆರುನೂರು ಜೊತೆ ಕೈಗಳು ಹಾಕಿದ ಗಂಟುಗಳು ಒಂದೇ ಹೂವಿನ ಬಳ್ಳಿಯಾಗಿ ಕೂಡಿಕೊಂಡದ್ದು ಹೇಗೆ?

ಉತ್ತರ ಚೌಕುಳಿ ಕಾಗದದಲ್ಲಿದೆ. ಪರ್ಷಿಯನ್ ಗಂಬಳಿಯ ನಕ್ಷೆಯನ್ನು ಮೊದಲು ಸಣ್ಣ ಸಣ್ಣ ಚೌಕಗಳ ಹಾಳೆಯ ಮೇಲೆ ಬರೆಯುತ್ತಾರೆ. ಒಂದು ಚೌಕ ಅಂದರೆ ಒಂದು ಗಂಟು, ಚೌಕದ ಬಣ್ಣವೇ ಗಂಟಿನ ಬಣ್ಣ. ಕಾಶ್ಮೀರದ ಶಾಲು ನೇಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚಿತ್ರವನ್ನೇ ಬಿಟ್ಟುಬಿಟ್ಟರು. ಎಷ್ಟು ಎಳೆ, ಯಾವ ಬಣ್ಣ ಎಂಬುದನ್ನು ಸಂಕೇತಗಳಲ್ಲಿ ಬರೆದಿಟ್ಟ ಚೀಟಿಗೆ ಅವರಲ್ಲಿ ‘ತಾಲೀಮ್’ ಎಂದು ಹೆಸರು. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಮಗ್ಗದ ಮುಂದೆ ಕೂತವರು ಅದರಂತೆ ನೇಯುತ್ತಾರೆ. ಇಂದು ಕಂಪ್ಯೂಟರ್ ಪ್ರೋಗ್ರಾಂ ಎಂದು ಕರೆಯುವುದರ ಅಷ್ಟೂ ಲಕ್ಷಣ ಇದರಲ್ಲಿದೆ. ಅಲ್ಗಾರಿದಮ್ ಎಂಬ ಪದವಾದರೂ ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಬಂದದ್ದು. ತಪ್ಪದೆ ಪಾಲಿಸಿದರೆ ಫಲ ಖಚಿತವಾಗುವ ಹೆಜ್ಜೆಗಳ ಸರಣಿ, ಅಷ್ಟೇ ಅದರ ಅರ್ಥ.

ಇದನ್ನು ಓದುವಾಗ ಧಾರವಾಡದ ಕಡೆಯವರಿಗೆ ಕಸೂತಿ ನೆನಪಾಗಲೇಬೇಕು. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆಯಿಲ್ಲ, ಅಚ್ಚೂ ಇಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಹಾಕಬೇಕು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಎಣಿಕೆಯಿಂದಲೇ ಹುಟ್ಟಬೇಕು. ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಯ್ಗೆ, ಮೆಂತೆ. ಇವುಗಳಲ್ಲಿ ಗವಂತಿ ಮತ್ತು ಮುರ್ಗಿಯ ಸೊಗಸೇ ಬೇರೆ. ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ತಾರ ಕಾಣುತ್ತದೆ, ಗಂಟು ಎಲ್ಲೂ ಕಾಣುವುದಿಲ್ಲ. ಸೂಜಿ ಒಂದು ಎಳೆಗುಂಟ ಮೇಲೆ, ಮುಂದಿನದರಲ್ಲಿ ಕೆಳಗೆ ಎಂದು ಹೋಗಿ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಸೇರುತ್ತದೆ.

ಕವಲುಗಳಿರುವ ಗೋಪುರದಲ್ಲೂ ಇದು ಯಾವಾಗಲೂ ಸಾಧ್ಯವೇ? ಸಾಧ್ಯ, ಮತ್ತು ಕಾರಣ ಗಣಿತದಲ್ಲಿದೆ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಒಗಟನ್ನು ಬಿಡಿಸುತ್ತ ಒಂದು ನಿಯಮ ಕಂಡುಕೊಂಡ. ಬಿಡಿಯಾಗದೆ ಕೂಡಿಕೊಂಡ ಗೆರೆಗಳ ಚಿತ್ರದಲ್ಲಿ ಪ್ರತಿ ಸಂಧಿಗೂ ಸಮಸಂಖ್ಯೆಯ ದಾರಿಗಳು ಸೇರಿದರೆ, ಎಲ್ಲ ದಾರಿಗಳನ್ನೂ ಒಂದೊಂದೇ ಸಲ ತುಳಿದು ಹೊರಟ ಜಾಗಕ್ಕೆ ಮರಳಬಹುದು. ಗವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ತುಳಿಯುವುದರಿಂದ ಸಂಖ್ಯೆ ತಾನಾಗಿಯೇ ಸಮವಾಗುತ್ತದೆ. ಆಯ್ಲರನ ಹೆಸರು ಕೇಳದ ನಮ್ಮ ಅಜ್ಜಿಯರು ಜಗಲಿಯ ಮೇಲೆ ಕೂತು ಚಂದ್ರಕಾಳಿ ಸೀರೆಯ ಸೆರಗಿನಲ್ಲಿ ಇದನ್ನು ದಿನವೂ ಮಾಡಿ ತೋರಿಸುತ್ತಿದ್ದರು.

ಯಂತ್ರದ ಕತೆ ಆಮೇಲಿನದು. 1804ರಲ್ಲಿ ಫ್ರಾನ್ಸಿನ ಜಕಾರ್ಡ್, ತೂತು ಕೊರೆದ ರಟ್ಟುಗಳಿಂದ ಮಗ್ಗವನ್ನು ನಡೆಸುವ ಏರ್ಪಾಡು ಮಾಡಿದ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಿದ್ದಲ್ಲಿ ಇಲ್ಲ. ಆ ರಟ್ಟುಗಳನ್ನೇ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಬಯಸಿದ. ಅಂದರೆ ಕಂಪ್ಯೂಟರು ಚಿತ್ತಾರ ಬಿಡಿಸಲು ಕಲಿತದ್ದು ಈಚೆಗೆ ಎನ್ನುವುದಕ್ಕಿಂತ, ಚಿತ್ತಾರದ ಮನೆಯಿಂದಲೇ ಅದು ಹೊರಟಿತು ಎನ್ನುವುದು ಹೆಚ್ಚು ಸರಿ. 1965ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಗೇಯಾರ್ಗ್ ನೇಸ್ ಪ್ರೋಗ್ರಾಂ ಬರೆದು ಮೂಡಿಸಿದ ಚಿತ್ರಗಳ ಪ್ರದರ್ಶನ ನಡೆಯಿತು. ನಮ್ಮ ನೆರೆಯ ಮದ್ರಾಸಿನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಕೋಲಂ ರಂಗೋಲಿಗೆ ವ್ಯಾಕರಣ ಬರೆದು ಪ್ರಕಟಿಸಿದರು. ಭಾಷೆಗೆ ವ್ಯಾಕರಣ ಇರುವಂತೆ ಚುಕ್ಕಿ, ಎಳೆಗಳಿಗೂ ಇದೆ, ಅದನ್ನು ಕಂಪ್ಯೂಟರಿಗೆ ಕಲಿಸಬಹುದು ಎಂಬುದು ಅದರ ಸಾರ. 2001ರಲ್ಲಿ ಬೆನ್ ಫ್ರೈ ಮತ್ತು ಕೇಸಿ ರಿಯಾಸ್ ಕಲಾವಿದರಿಗಾಗಿಯೇ ‘ಪ್ರೊಸೆಸಿಂಗ್’ ಎಂಬ ಸಾಧನ ಆರಂಭಿಸಿದ ಮೇಲೆ ಕೋಡ್ ಬರೆದು ವಿನ್ಯಾಸ ಮಾಡುವುದು ಕಾಲೇಜಿನ ಪಾಠವಾಯಿತು.

ನನ್ನ ಮಗಳು ಇಲ್ಲಿನ ಶಾಲೆಯಲ್ಲಿ ಹನ್ನೊಂದನೆಯ ತರಗತಿ. ಹೋದ ವರ್ಷ ರಜೆಯಲ್ಲಿ ಪೈಥಾನಿನಲ್ಲಿ ಕಸೂತಿ ಗೋಪುರ ಬಿಡಿಸುವ ಪ್ರೋಗ್ರಾಂ ಬರೆದಳು. ಅಂತಸ್ತು, ಅಗಲ, ಕಳಸದ ಅಂಕಿಗಳನ್ನು ಬದಲಿಸಿದರೆ ಗೋಪುರ ಬದಲಾಗುತ್ತದೆ. ಅರುವತ್ತನಾಲ್ಕು ಗೋಪುರ ತಯಾರಾದವು. ವಿಡಿಯೋ ಕರೆಯಲ್ಲಿ ಧಾರವಾಡದ ಅಜ್ಜಿಗೆ ತೋರಿಸಿದಳು. ನಮ್ಮವ್ವ ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ನೋಡಿ, “ಇವು ಎರಡ ಛಲೋ ಅದಾವ ನೋಡವಾ. ಉಳದದ್ದು ಬರೇ ಲೆಕ್ಕ” ಅಂದಳು. ಲೆಕ್ಕದಲ್ಲೇ ಅನ್ನ ತಿನ್ನುವ ಮಗ ಪಕ್ಕದಲ್ಲಿ ಕೂತಿದ್ದ ಎಂಬ ದಾಕ್ಷಿಣ್ಯ ಆಕೆಗೆ ಇರಲಿಲ್ಲ. ಆದರೆ ಈ ವಿಷಯದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ. ನಿಯಮ ನೂರು ಚಿತ್ತಾರ ಹೆರಬಲ್ಲದು, ಯಾವುದನ್ನು ಸೆರಗಿಗೆ ಏರಿಸಬೇಕೆಂದು ಆರಿಸುವುದು ಕಣ್ಣು. ಆ ಕಣ್ಣು ಎಪ್ಪತ್ತು ವರ್ಷ ಎಳೆ ಎಣಿಸಿ ಪಳಗಿದ್ದು.

ಲೆಕ್ಕಪುಸ್ತಕದಲ್ಲಿ ನನ್ನನ್ನು ಕಾಡುವ ಪುಟ ಇನ್ನೊಂದಿದೆ. ಜಕಾರ್ಡನ ಹೆಸರು ಇಂದಿಗೂ ಮಗ್ಗದ ಮೇಲಿದೆ. ಆಯ್ಲರನ ಹೆಸರು ನಿಯಮದ ಮೇಲಿದೆ. ಮಸ್ಕತ್ತಿನ ಗಂಬಳಿ ನೇಯ್ದವರು ‘600 ಹೆಂಗಸರು’ ಎಂಬ ಸಂಖ್ಯೆಯಾಗಿ ಮಾತ್ರ ಉಳಿದಿದ್ದಾರೆ. ಕಸೂತಿಯ ಗೋಪುರವನ್ನು ಮೊದಲು ಎಣಿಸಿದವಳಿಗೆ ಆ ಸಂಖ್ಯೆಯೂ ಇಲ್ಲ. ಕಸೂತಿಗೆ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿದೆ, ನಿಜ. ಆದರೆ ಒಂದು ಸೀರೆಗೆ ವಾರಗಟ್ಟಲೆ ಕೂರುವ ಕೈಯ ಕೂಲಿ, ಗಳಿಗೆಯಲ್ಲಿ ಅದೇ ಚಿತ್ತಾರ ಒತ್ತುವ ಡಿಜಿಟಲ್ ಮುದ್ರಣದ ಎದುರು ನಿಲ್ಲಬೇಕಾಗಿದೆ. ಮಗಳ ಪ್ರೋಗ್ರಾಂ ಈ ಎರಡರಲ್ಲಿ ಯಾರ ಕೈಗೂ ಸಿಗಬಹುದು. ಹೊಸ ಮಾದರಿ ಹುಡುಕುವ ಕಸೂತಿಯವಳಿಗೆ ಅದು ಚೌಕುಳಿ ಹಾಳೆಯಾದೀತು. ಮುದ್ರಣದವನಿಗೆ ಪುಕ್ಕಟೆ ನಕ್ಷೆಯಾದೀತು. ಕೋಡ್ ತಾನಾಗಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ವಹಿಸಬೇಕಾದವರು ಬರೆಯುವವರು ಮತ್ತು ಕೊಳ್ಳುವವರು.

ಕೊಳ್ಳುವವರಲ್ಲಿ ನಾವು ಪರದೇಶದವರು ಮುಂದಿದ್ದೇವೆ. ರಜೆಗೆ ಹೋದಾಗ ಸೂಟ್‌ಕೇಸಿನಲ್ಲಿ ಮಡಚಿಟ್ಟು ತರುವುದು ಇಂಥ ಸೀರೆಗಳನ್ನೇ. ಅದಕ್ಕೊಂದು ಸುಲಭ ಆಡಿಟ್ ಇದೆ, ಸಿಎ ಓದಬೇಕಾಗಿಲ್ಲ. ಅಂಗಡಿಯವರು ಸೀರೆ ಹರವಿದಾಗ ಸೆರಗನ್ನು ತಿರುವಿ ಹಿಂಬದಿ ನೋಡಿ. ಮುದ್ರಣವಾದರೆ ಬಣ್ಣ ಮಾಸಿದ ನೆರಳಷ್ಟೇ ಇರುತ್ತದೆ. ಗವಂತಿಯಾದರೆ ಗೋಪುರ ಅಲ್ಲೂ ಅಷ್ಟೇ ನೆಟ್ಟಗೆ ನಿಂತಿರುತ್ತದೆ. ಹಾಗಿದ್ದರೆ ಬೆಲೆ ಚೌಕಾಸಿ ಮಾಡಬೇಡಿ. ಹೊಲಿದವಳ ಹೆಸರು ಕೇಳಿ.