ಹುಣಸೆಮರ, ಕುರ್ಚಿ, ನಗೋ ಹುಡುಗ

ಬ್ಯಾಂಕಾಕ್ ಸರಣಿ, ಭಾಗ 3

ಮೊದಲ ಸ್ಲೈಡ್‌ನಲ್ಲಿ ಇರೋದು ಬರೀ ಹುಣಸೆಮರ. ಇವತ್ತು ಹೇಳ್ತಿರೋ ಫೋಟೋನ ಬೇಕಂತಲೇ ಹಾಕಿಲ್ಲ. ಊಟ ಮಾಡ್ತಾ ಸ್ಕ್ರೋಲ್ ಮಾಡೋರು ನಮ್ಮ ಕ್ಲಾಸಲ್ಲೇ ಎಷ್ಟು ಜನ ಇದ್ದೀರ ಅಂತ ನಂಗೊತ್ತು. ಮಾತಲ್ಲೇ ಹೇಳ್ತೀನಿ.

ಮರಕ್ಕೆ ಒಬ್ಬ ಯುವಕನ ಹೆಣ ನೇತುಹಾಕಿದ್ದಾರೆ. ಇನ್ನೊಬ್ಬ ಮಡಚೋ ಕುರ್ಚಿ ಎತ್ತಿ ಆ ಹೆಣಕ್ಕೆ ಹೊಡೀತಿದ್ದಾನೆ. ಸುತ್ತ ಜನ ನಿಂತು ನೋಡ್ತಿದ್ದಾರೆ. ಅವರ ಮಧ್ಯೆ ಒಬ್ಬ ಹುಡುಗ ನಗ್ತಿದ್ದಾನೆ.

ಇದು 1976ರ ಅಕ್ಟೋಬರ್ 6, ಥಮ್ಮಸಾತ್ ವಿಶ್ವವಿದ್ಯಾಲಯದ ಪಕ್ಕದ ಸನಾಮ್ ಲುವಾಂಗ್ ಮೈದಾನ. ಫೋಟೋ ತೆಗೆದವರು ನೀಲ್ ಯುಲೆವಿಚ್, ಬ್ಯಾಂಕಾಕ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್‌ಗೆ ಕೆಲಸ ಮಾಡ್ತಿದ್ದ ಅಮೆರಿಕನ್. ಮರುವರ್ಷ ಅವತ್ತಿನ ಚಿತ್ರಗಳಿಗೇ ಪುಲಿಟ್ಜರ್ ಬಂತು. ಹೊರಗಿನವರೊಬ್ಬರು ಅಲ್ಲಿ ಇದ್ದಿದ್ದಕ್ಕೆ ಇಷ್ಟು ಗಟ್ಟಿ ಸಾಕ್ಷಿ ಉಳೀತು, ನಿಜ. ಆದ್ರೆ ಆ ಒಂದೇ ಫೋಟೋ ನೋಡಿದ್ರೆ ನಿಮಗೆ ಏನನ್ಸುತ್ತೆ? ‘ಎಂಥಾ ಕ್ರೂರ ಜನಪ್ಪಾ’ ಅಂತ ತಾನೆ? ನಂಗೂ ಹಾಗೇ ಅನ್ಸಿತ್ತು. ಫ್ರೇಮಿನ ಆಚೆ ಏನಿತ್ತು ಅಂತ ನೋಡೋಣ ಬನ್ನಿ.

1973ರಲ್ಲಿ ವಿದ್ಯಾರ್ಥಿಗಳೇ ಬೀದಿಗಿಳಿದು ಸರ್ವಾಧಿಕಾರಿ ಥನೋಮ್ ಕಿತ್ತಿಕಾಚೋರ್ನ್‌ನ ದೇಶ ಬಿಡೋ ಹಾಗೆ ಮಾಡಿದ್ರು. 1975ರಲ್ಲಿ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್ ಮೂರೂ ಕಮ್ಯುನಿಸ್ಟರ ಕೈಗೆ ಹೋದವು. ಪಕ್ಕದ ಲಾವೋಸ್‌ನಲ್ಲಿ ರಾಜನೇ ಇಲ್ಲದ ಹಾಗಾಯ್ತು. ಥಾಯ್ ಸೇನೆಗೆ, ಅರಮನೆಗೆ ಹತ್ತಿರದವರಿಗೆ ನಡುಕ ಶುರು. 1976ರ ಸೆಪ್ಟೆಂಬರ್‌ನಲ್ಲಿ ಥನೋಮ್ ವಾಪಸ್ ಬಂದ, ಅದೂ ಬೌದ್ಧ ಸನ್ಯಾಸಿ ವೇಷದಲ್ಲಿ! ಅವನ ವಿರುದ್ಧ ಪೋಸ್ಟರ್ ಅಂಟಿಸ್ತಿದ್ದ ಇಬ್ಬರು ವಿದ್ಯುತ್ ಇಲಾಖೆ ನೌಕರರನ್ನ ನಖೋನ್ ಪಥೋಮ್‌ನಲ್ಲಿ ಕೊಂದು ನೇತುಹಾಕಿದ್ರು. ಅದನ್ನ ಖಂಡಿಸಿ ಅಕ್ಟೋಬರ್ 4ಕ್ಕೆ ಥಮ್ಮಸಾತ್‌ನಲ್ಲಿ ಹುಡುಗರು ಒಂದು ಸಣ್ಣ ಅಣಕು ನಾಟಕ ಮಾಡಿದ್ರು.

ನೇತಾಡೋ ಪಾತ್ರ ಮಾಡಿದವನ ಮುಖ ಯುವರಾಜನ ಹಾಗಿದೆ ಅಂತ ‘ದಾವ್ ಸಯಾಮ್’ ಪತ್ರಿಕೆ ಆ ಫೋಟೋ ಹಾಕ್ತು. ಸೇನೆಯ ರೇಡಿಯೋ ಅದನ್ನೇ ಹಿಡ್ಕೊಂಡು ವಿದ್ಯಾರ್ಥಿಗಳು ರಾಜದ್ರೋಹಿಗಳು, ಕಮ್ಯುನಿಸ್ಟರು ಅಂತ ಕೂಗ್ತಾನೇ ಇತ್ತು. 6ರ ಬೆಳಗಿನ ಜಾವ ಪೊಲೀಸರು ಮತ್ತು ಬಲಪಂಥೀಯ ಗುಂಪುಗಳು ಕ್ಯಾಂಪಸ್ಸಿಗೆ ನುಗ್ಗಿದ್ದು ಇದಾದ ಮೇಲೆ. 40ಕ್ಕೂ ಹೆಚ್ಚು ಜನ ಸತ್ತರು, 3,000ಕ್ಕೂ ಹೆಚ್ಚು ಜನ ಅರೆಸ್ಟ್. ಸಂಜೆ ಹೊತ್ತಿಗೆ ಸೇನೆ ಅಧಿಕಾರ ಹಿಡಿದಾಗಿತ್ತು. ಫೋಟೋದಲ್ಲಿ ಕುರ್ಚಿ ಕಾಣುತ್ತೆ, ರೇಡಿಯೋ ಕಾಣಲ್ಲ ನೋಡಿ.

ನಮ್ಮ ಬಿಕಾಂನವರಿಗೆ ಒಂದು ವಿಷಯ. ಆಗ ಥಮ್ಮಸಾತ್‌ನ ರೆಕ್ಟರ್ ಆಗಿದ್ದವರು ಪುಯ್ ಉಂಗ್‌ಪಾಕಾರ್ನ್. 1959ರಿಂದ 1971ರವರೆಗೆ ಬ್ಯಾಂಕ್ ಆಫ್ ಥಾಯ್ಲೆಂಡ್‌ನ ಗವರ್ನರ್, ಅಂದ್ರೆ ನಮ್ಮ ಆರ್‌ಬಿಐ ಗವರ್ನರ್ ಇದ್ದ ಹಾಗೆ. ಅಂಥವರೂ ಅವತ್ತೇ ದೇಶ ಬಿಟ್ಟು ಓಡಬೇಕಾಯ್ತು. 1999ರಲ್ಲಿ ತೀರಿಕೊಂಡಿದ್ದೂ ಇಂಗ್ಲೆಂಡ್‌ನಲ್ಲೇ.

ಆಮೇಲೆ ದೇಶಕ್ಕೆ ದೇಶವೇ ಬಾಯಿ ಮುಚ್ಚಿಕೊಳ್ತು. 1978ರ ಕ್ಷಮಾದಾನ ಕಾನೂನು ಜೈಲಲ್ಲಿದ್ದ ವಿದ್ಯಾರ್ಥಿ ಮುಖಂಡರನ್ನ ಬಿಡ್ತು, ಜೊತೆಗೆ ಕೊಂದವರನ್ನೂ ಕಾಪಾಡ್ತು. ಹಾಗೆ ಹೊರಬಂದವರಲ್ಲಿ ಒಬ್ಬರು ಥೊಂಗ್‌ಚಾಯ್ ವಿನಿಚ್ಚಕುಲ್. ಆ ಬೆಳಿಗ್ಗೆ ಗುಂಡು ನಿಲ್ಲಿಸಿ ಅಂತ ಮೈಕಲ್ಲಿ ಬೇಡಿಕೊಂಡವರು. ಆಗ ವಯಸ್ಸು 19, ನಮಗಿಂತ ಒಂದು ವರ್ಷ ಚಿಕ್ಕವರು. ಮುಂದೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇತಿಹಾಸದ ಪ್ರೊಫೆಸರ್ ಆದರು. ಬ್ಯಾಂಕಾಕ್‌ನಲ್ಲಿದ್ದ ಅಮೆರಿಕನ್ ತೆಗೆದ ಫೋಟೋದ ಹಿಂದಿನ ಕಥೆ ಹುಡುಕಿದ್ದು ಅಮೆರಿಕಕ್ಕೆ ಹೋದ ಥಾಯ್! 2020ರಲ್ಲಿ ಅವರ ಪುಸ್ತಕ ‘ಮೊಮೆಂಟ್ಸ್ ಆಫ್ ಸೈಲೆನ್ಸ್’ ಬಂತು. ಅವರೂ ಗೆಳೆಯರೂ ಸೇರಿ ಸತ್ತವರ ದಾಖಲೆಗಳನ್ನ ಒಂದೊಂದಾಗಿ ಕೂಡಿಹಾಕಿದ್ರು. ಮರಕ್ಕೆ ನೇತಾಡ್ತಿರೋನು ಇಂಥವನೇ ಅಂತ ವರ್ಷಗಟ್ಟಲೆ ಎಲ್ಲರೂ ನಂಬಿದ್ದ ಹೆಸರು ತಪ್ಪು ಅಂತ ಆಮೇಲೆ ಗೊತ್ತಾಯ್ತು.

2018ರ ಅಕ್ಟೋಬರ್‌ನಲ್ಲಿ ‘ರ್‍ಯಾಪ್ ಅಗೇನ್ಸ್ಟ್ ಡಿಕ್ಟೇಟರ್‌ಶಿಪ್’ ತಂಡ ತಮ್ಮ ವಿಡಿಯೋದಲ್ಲಿ ಇದೇ ದೃಶ್ಯವನ್ನ ಮತ್ತೆ ಕಟ್ಟಿತು: ಮರ, ಕುರ್ಚಿ, ನೋಡ್ತಾ ನಿಂತ ಜನ. ನಮ್ಮ ವಯಸ್ಸಿನ ಎಷ್ಟೋ ಥಾಯ್ ಹುಡುಗರು ಅದು ನಿಜವಾಗಿ ನಡೆದಿದ್ದಾ ಅಂತ ಮನೇಲಿ ಕೇಳಿರಬಹುದು. ಆ ಕೊಲೆಗಳಿಗೆ ಇವತ್ತಿನವರೆಗೂ ಯಾರಿಗೂ ಶಿಕ್ಷೆ ಆಗಿಲ್ಲ.

ಭಾಗ 4ರಲ್ಲಿ 1992ರ ಮೇ. ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ.